ಅಟ್ಟದ ಪೈ, ಅಂಗಳದ ಮಳೆಮಾಪಕ: ಒಂದು ವೈಫೈಗೆ ಇಬ್ಬರು ಯಜಮಾನರು

ಜೂನ್ 14, ಶನಿವಾರ

ಮಳೆಗಾಲಕ್ಕೆ ಮೊದಲೇ ಮುಗಿಯಬೇಕಿದ್ದ ಕೆಲಸ ಮೃಗಶಿರ ಹಿಡಿದ ಮೇಲೆ ಮುಗಿಯಿತು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯ ಅಟ್ಟದಲ್ಲಿ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ. ಅಂಗಳದ ಮಳೆಮಾಪಕದೊಳಗಿನ ಪುಟ್ಟ ತೊಟ್ಟಿ ಒಮ್ಮೆ ಮಗುಚಿದರೆ 0.2794 ಮಿ.ಮೀ. ಮಳೆ ಎಂದು ಲೆಕ್ಕ. ಮಗುಚಿದ ಹೊತ್ತನ್ನೆಲ್ಲ ಪೈ ಬರೆದಿಟ್ಟುಕೊಂಡು, ಅಪ್ಪಯ್ಯನೂ ಶಿವಮೊಗ್ಗದಲ್ಲಿರುವ ನಾನೂ ಮೊಬೈಲಿನಲ್ಲಿ ನೋಡುವ ಪಟ್ಟಿಗೆ ಕಳುಹಿಸುತ್ತದೆ.

ಹಳೆಯ ಮೆಮೊರಿ ಕಾರ್ಡ್ ಸತ್ತಿದ್ದರಿಂದ ಹೊಸದಕ್ಕೆ ಪೈಯ ಕಾರ್ಯಾಚರಣಾ ವ್ಯವಸ್ಥೆಯಾದ ರಾಸ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿ ಹಾಕಿದೆ. ಹಿಂದೆ ವೈಫೈ ವಿವರವಿರುವ ಡಬ್ಲ್ಯುಪಿಎ ಸಪ್ಲಿಕೆಂಟ್ ಕಡತವನ್ನು ಕಾರ್ಡಿನ ಬೂಟ್ ಭಾಗಕ್ಕೆ ಹಾಕಿದರೆ ಸಾಕಿತ್ತು. ಬುಕ್‌ವರ್ಮ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಈ ಆವೃತ್ತಿಯಿಂದ ಜಾಲದ ಯಜಮಾನಿಕೆ ಡಿಎಚ್‌ಸಿಪಿಸಿಡಿ ಎಂಬ ತಂತ್ರಾಂಶದ ಕೈತಪ್ಪಿ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಇನ್ನೊಂದಕ್ಕೆ ಹೋಗಿದೆ. ಪರದೆ, ಕೀಲಿಮಣೆ ಜೋಡಿಸಿ ವೈಫೈಗೆ ಸೇರಿಸಿದ್ದಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮನೆಯ ಜಾಲದಲ್ಲಿ ಪೈಗೆ ಬದಲಾಗದ ಸ್ಥಿರ ವಿಳಾಸ ಕೊಡುವ, ಡಿಎಚ್‌ಸಿಪಿಸಿಡಿಗೆಂದು ಬರೆದ ನನ್ನ ಹಳೆಯ ಕಡತ ಪೆನ್‌ಡ್ರೈವಿನಲ್ಲಿ ಇತ್ತಲ್ಲ, ಹೊಸದನ್ನು ಕಲಿಯುವ ಸೋಮಾರಿತನಕ್ಕೆ ಡಿಎಚ್‌ಸಿಪಿಸಿಡಿಯನ್ನೂ ಅನುಸ್ಥಾಪಿಸಿ ಆ ಕಡತವನ್ನು ಹಾಗೆಯೇ ನಕಲಿಸಿದೆ. ನಡೆಯಿತು.

ಜೂನ್ 24, ಮಂಗಳವಾರ

ಬೆಳಿಗ್ಗೆ ಅಪ್ಪಯ್ಯನ ಫೋನು. "ನಸುಕಿನಲ್ಲಿ ಸುರಿದ ಮಳೆಯನ್ನು ನಿನ್ನ ಯಂತ್ರ ನಿನ್ನೆ ಸಂಜೆಗೆ ಬರೆದಿದೆಯಲ್ಲೋ!"

ಅವರಿಗೆ ಇದು ಆಟವಲ್ಲ. ಅಡಕೆಗೆ ಕೊಳೆ ಬರದಂತೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಸಲು ಮಳೆಯ ನಡುವಿನ ಹೊಳವು ಬೇಕು. ಯಾವ ಹೊತ್ತಿಗೆ ಎಷ್ಟು ಬಂತೆಂಬ ಲೆಕ್ಕ ಅದಕ್ಕೇ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದರೆ, ಕೊನೆಗೆ ಉಳಿಸಿಟ್ಟ ಹೊತ್ತಿನಿಂದಲೇ ಎಣಿಕೆ ಶುರು. ಅಂತರಜಾಲದಿಂದ ಸರಿಯಾದ ಸಮಯ ಸಿಕ್ಕಮೇಲಷ್ಟೇ ತಿದ್ದಿಕೊಳ್ಳುತ್ತದೆ. ನಿನ್ನೆ ಸಂಜೆ ಹೋದ ಕರೆಂಟು ಇಂದು ನಸುಕಿಗೆ ಬಂದಿದೆ. ಹಾಗಾದರೆ ಸಮಯ ಸಿಕ್ಕಿಲ್ಲ. ಆದರೆ ಅದೇ ವೈಫೈಯಲ್ಲಿ ಅಪ್ಪಯ್ಯನ ಮೊಬೈಲ್ ಸಲೀಸಾಗಿ ನಡೆಯುತ್ತಿತ್ತಂತೆ. ಮಧ್ಯೆ ಮತ್ತೊಮ್ಮೆ ಕರೆಂಟು ಹೋಗಿ ಬಂದ ಮೇಲೆ ಪೈಯೂ ಸರಿಯಾಯಿತು. ಇಂಥ ರೋಗವೇ ಕಷ್ಟ: ವೈದ್ಯ ಬರುವ ಹೊತ್ತಿಗೆ ರೋಗಿ ಎದ್ದು ಓಡಾಡುತ್ತಿರುತ್ತಾನೆ.

ಜೂನ್ 28, ಶನಿವಾರ

ಅಟ್ಟ ಹತ್ತಿದೆ. ಪ್ಲಗ್ಗು ಕಿತ್ತು ಹಾಕುವುದನ್ನೇ ಮಾಡಿದೆ; ಮೂರನೆಯ ಸಲ ರೋಗ ಸಿಕ್ಕಿತು. ಅಂಕಿಯ ವಿಳಾಸಕ್ಕೆ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ಒಂದೇ ವೈಫೈಗೆ ಎರಡು ವಿಳಾಸ: ನಾನು ಕೊಟ್ಟ 192.168.1.50, ಜೊತೆಗೆ ರೂಟರ್ ಕೊಟ್ಟ 192.168.1.113. ಮೊದಲನೆಯದು ಡಿಎಚ್‌ಸಿಪಿಸಿಡಿಯದು, ಎರಡನೆಯದು ನೆಟ್‌ವರ್ಕ್‌ಮ್ಯಾನೇಜರ್‌ನದು. ವಿಳಾಸ ಎರಡಿದ್ದರೂ ಸಂಸಾರ ನಡೆಯುತ್ತಿತ್ತು. ಆದರೆ ಹೆಸರನ್ನು ಅಂಕಿಗೆ ತಿರುಗಿಸಲು ಯಾರನ್ನು ಕೇಳಬೇಕೆಂದು ಹೇಳುವ ರಿಸಾಲ್ವ್.ಕಾನ್ಫ್ ಕಡತ ಒಂದೇ, ಅದನ್ನು ಇಬ್ಬರೂ ಬರೆಯುತ್ತಾರೆ. ಕೊನೆಗೆ ಬರೆದವನದೇ ಮಾತು. ನನ್ನ ಹಳೆಯ ಕಡತದಲ್ಲಿದ್ದ ಡಿಎನ್‌ಎಸ್, ಅಂದರೆ ಹೆಸರನ್ನು ಅಂಕಿಗೆ ತಿರುಗಿಸಿ ಕೊಡುವ ಯಂತ್ರದ, ವಿಳಾಸವೋ, ಹೋದ ವರ್ಷ ಸಿಡಿಲಿಗೆ ಸುಟ್ಟುಹೋದ ಲ್ಯಾಪ್‌ಟಾಪಿನದು! ಡಿಎಚ್‌ಸಿಪಿಸಿಡಿ ಕೊನೆಗೆ ಬರೆದ ದಿನ ಪೈ ಸತ್ತವನನ್ನು ಕೂಗುತ್ತ ಕೂರುತ್ತಿತ್ತು. ಸಮಯ ಹೇಳುವ ಸರ್ವರನ್ನೂ ಹೆಸರಿನಿಂದಲೇ ಹುಡುಕಬೇಕಲ್ಲ; ಇಬ್ಬರ ಜಗಳದಲ್ಲಿ ಬಡವಾದ ಕೂಸು ಗಡಿಯಾರ.

ಡಿಎಚ್‌ಸಿಪಿಸಿಡಿಯನ್ನು ಕಿತ್ತೆಸೆದೆ. ಸ್ಥಿರ ವಿಳಾಸ, ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲು), ಡಿಎನ್‌ಎಸ್ ಮೂರನ್ನೂ ಎನ್‌ಎಂಸಿಎಲ್‌ಐ ಆದೇಶದಿಂದ ನೆಟ್‌ವರ್ಕ್‌ಮ್ಯಾನೇಜರ್‌ಗೇ ಒಪ್ಪಿಸಿದೆ. ಐದು ನಿಮಿಷದ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಹೋಗಿ ಎರಡು ವಾರ ಕಳೆದೆ. ಆ ಸಂಪರ್ಕದ ಕಡತವನ್ನು ಪೆನ್‌ಡ್ರೈವಿಗೆ ಹಾಕಿ, ವಾಪಸು ತಂದು ಪರೀಕ್ಷಿಸಿದಾಗ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗುಪ್ತಪದವಿರುವ ಕಡತವನ್ನು ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಬಳಕೆದಾರ) ಬಿಟ್ಟು ಬೇರೆಯವರು ಓದುವಂತಿದ್ದರೆ ಅದು ಮುಟ್ಟುವುದಿಲ್ಲ. ಅನುಮತಿಯನ್ನು 600, ಅಂದರೆ ಒಡೆಯನಿಗಷ್ಟೇ ಓದಲು ಬರೆಯಲು ಆಗುವಂತೆ, ಮಾಡಿದ ಕೂಡಲೇ ಒಪ್ಪಿತು.

ಸಂಜೆ ಅಕ್ಕನ ಮಗ ಡೆಬಿಯನ್ ಎಂಬ ಲಿನಕ್ಸ್ ಇರುವ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದ. ಡೆಸ್ಕ್‌ಟಾಪಿನಲ್ಲಿ ವೈಫೈ "ನಿರ್ವಹಣೆಯಲ್ಲಿಲ್ಲ" ಎನ್ನುತ್ತದೆ. ಅಲ್ಲಿ ಕಥೆ ತಿರುಗುಮುರುಗು. ಡೆಬಿಯನ್‌ನ ಹಳೆಯ ಇಂಟರ್‌ಫೇಸಸ್ ಕಡತದಲ್ಲಿ ಹೆಸರಿರುವ ಸಾಧನವನ್ನು ನೆಟ್‌ವರ್ಕ್‌ಮ್ಯಾನೇಜರ್ ತಾನಾಗಿಯೇ ಬಿಟ್ಟುಕೊಡುತ್ತದೆ. ಅಲ್ಲಿಂದ ಆ ಸಾಲುಗಳನ್ನು ತೆಗೆದು ಮರುಚಾಲನೆ ಮಾಡಿದರೆ ಸಾಕಾಯಿತು. ಈ ಮರ್ಯಾದೆಯನ್ನು ಡಿಎಚ್‌ಸಿಪಿಸಿಡಿಗೂ ಕೊಟ್ಟಿದ್ದರೆ ನನ್ನ ಬಸ್ ಚಾರ್ಜು ಉಳಿಯುತ್ತಿತ್ತು.

ಜುಲೈ 12, ಶನಿವಾರ

ಪುನರ್ವಸು ಜೋರು. ಎರಡು ವಾರದಲ್ಲಿ ಕರೆಂಟು ಎಷ್ಟು ಸಲ ಹೋಯಿತೋ ಲೆಕ್ಕ ತಪ್ಪಿದೆ. ಪಟ್ಟಿಯ ಹೊತ್ತು ತಪ್ಪಿಲ್ಲ.

ಮರ ಬಿದ್ದು ಫೈಬರ್ ತಂತಿ ತುಂಡಾದ ದಿನಗಳಿಗೆಂದು 4ಜಿ ಡಾಂಗಲ್ ಚುಚ್ಚಿದೆ. ಅರ್ಧ ಗಂಟೆಯಲ್ಲಿ ಸಿಮ್ಮಿನ ಡೇಟಾ ಕರಗತೊಡಗಿತು, ಫೈಬರ್ ಸರಿ ಇದ್ದರೂ! ಈ ಬಗೆಯ ಡಾಂಗಲ್ ತನ್ನನ್ನು ಮೋಡೆಮ್ ಎನ್ನದೆ ಈಥರ್ನೆಟ್ ಎಂದು ಪರಿಚಯಿಸಿಕೊಳ್ಳುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ತಂತಿಯ ದಾರಿಗೆ 100, ವೈಫೈಗೆ 600 ಎಂಬ ಮೆಟ್ರಿಕ್ (ಯಾವ ದಾರಿಗೆ ಆದ್ಯತೆ ಎಂದು ಹೇಳುವ ಸಂಖ್ಯೆ) ಕೊಡುತ್ತದೆ. ಕಡಿಮೆ ಸಂಖ್ಯೆಗೇ ಮೊದಲ ಮಣೆ. ಡಾಂಗಲಿನ ಮೆಟ್ರಿಕ್ಕನ್ನು 800ಕ್ಕೆ ಏರಿಸಿದ ಮೇಲೆ ಅದು ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂತಿದೆ. ಫೈಬರ್ ಕಡಿದಾಗ ರೂಟರಿನ ವೈಫೈ ಹಾಗೆಯೇ ಉರಿಯುತ್ತಿರುತ್ತದಲ್ಲ, ಆಗ ದಾರಿ ಬದಲಾದೀತೇ ಎಂಬ ಪರೀಕ್ಷೆ ಮುಂದಿನ ಶನಿವಾರಕ್ಕೆ. ಬ್ಯಾಟರಿ ಇರುವ ಗಡಿಯಾರದ ಪುಟ್ಟ ಬೋರ್ಡನ್ನೂ ತರಿಸುತ್ತಿದ್ದೇನೆ.

ಅಪ್ಪಯ್ಯ ಮಾತ್ರ ಮೃಗಶಿರದಿಂದಲೂ ಜಗಲಿಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಮಳೆಯ ಹೊತ್ತು ಬರೆಯುತ್ತಿದ್ದಾರೆ. ಜೂನ್ 23, 24ರ ಅಂಕಿಗಳನ್ನು ಅದನ್ನು ನೋಡಿಯೇ ತಿದ್ದಿದೆ.