ನೀರಿನ ಬಟ್ಟಲಲ್ಲಿ ಕೆಸರು

ಟೊರಾಂಟೊ ನಗರದ ಪೂರ್ವಭಾಗವಾದ ಸ್ಕಾರ್ಬರೊದಲ್ಲಿ ನಾವು ಮನೆ ಮಾಡಿದ ಮೊದಲ ಬೇಸಿಗೆಯಲ್ಲಿ ನಮ್ಮ ಬೆಕ್ಕಿನ ಹಸಿವು ಇದ್ದಕ್ಕಿದ್ದಂತೆ ಇಮ್ಮಡಿಯಾಗಿದೆ ಎಂದೇ ನಾನು ನಂಬಿದ್ದೆ. ತೀರ್ಥಹಳ್ಳಿಯ ಮನೆಯಲ್ಲಿ ಹಿತ್ತಿಲ ಬಾಗಿಲಿನ ಹೊರಗೆ ಬೆಕ್ಕಿಗೆ ಹಾಲನ್ನ ಇಟ್ಟು ಮಲಗುತ್ತಿದ್ದ ಅಭ್ಯಾಸದಂತೆ, ಇಲ್ಲಿಯೂ ರಾತ್ರಿ ಹಿಂಬದಿಯ ಮರದ ಜಗಲಿಯ ಮೇಲೆ ಒಂದು ತಟ್ಟೆಯಲ್ಲಿ ಒಣ ಆಹಾರವನ್ನೂ ಪಕ್ಕದಲ್ಲಿ ನೀರಿನ ಬಟ್ಟಲನ್ನೂ ಇಡುತ್ತಿದ್ದೆ. ಬೆಳಿಗ್ಗೆ ತಟ್ಟೆ ತೊಳೆದಿಟ್ಟಂತಿರುತ್ತಿತ್ತು. ಪಾಪ, ಸಾಲುತ್ತಿಲ್ಲವೆಂದು ಇನ್ನೊಂದು ಹಿಡಿ ಹೆಚ್ಚಿಸಿದರೆ ಅದೂ ಖಾಲಿ. ಬೆಕ್ಕು ಮಾತ್ರ ಸೊರಗುತ್ತಲೇ ಇತ್ತು. ಅನುಮಾನ ಹುಟ್ಟಿಸಿದ್ದು ನೀರಿನ ಬಟ್ಟಲು. ದಿನವೂ ಅದರ ತಳದಲ್ಲಿ ಕೆಸರು ಮತ್ತು ನೆಂದು ಉಬ್ಬಿದ ನಾಲ್ಕಾರು ಕಾಳುಗಳು ಇರುತ್ತಿದ್ದವು. ತಿನಿಸನ್ನು ನೀರಿಗೆ ಅದ್ದಿ ತಿನ್ನುವ ಬೆಕ್ಕನ್ನು ನಾನಂತೂ ಕಂಡಿಲ್ಲ.

ಹಾಗೆ ಅದ್ದಿ, ಮುಂಗಾಲಿನ ಐದೈದು ಬೆರಳುಗಳಿಂದ ತಡವಿ ನೋಡುವುದು ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿಯ ಚಾಳಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬ ಉಂಗುರಗಳು, ಮೈಯಲ್ಲಿ ನಮ್ಮ ಮಲೆನಾಡಿನ ಕಬ್ಬೆಕ್ಕಿಗಿಂತ ದಪ್ಪ. ನಮ್ಮ ಮನೆಯ ಹಿಂದೆಯೇ ಹೈಲ್ಯಾಂಡ್ ಕ್ರೀಕ್ ಎಂಬ ಹೊಳೆಯ ಕಾಡುಕಣಿವೆ ಇರುವುದರಿಂದ ಅವುಗಳಿಗೆ ನಮ್ಮ ಜಗಲಿ ದಾರಿಬದಿಯ ಖಾನಾವಳಿಯಂತಾಗಿತ್ತು. ಈ ನಗರದ ರಕೂನ್‌ಗಳ ಜಾಣತನಕ್ಕೆ ಬೇಸತ್ತ ನಗರಾಡಳಿತವು 2016ರಲ್ಲಿ ತಿರುಗಿಸಿ ತೆಗೆಯುವ ಚಿಲಕವಿರುವ ಹಸಿಕಸದ ಡಬ್ಬಿಗಳನ್ನು ಮನೆಮನೆಗೆ ಹಂಚತೊಡಗಿತು. ಕೆಲವು ರಕೂನ್‌ಗಳು ಡಬ್ಬಿಯನ್ನೇ ಕೆಡವಿ ಅದನ್ನೂ ತೆರೆದವು.

ನಾನು ಮೊದಲು ಹೂಡಿದ ಉಪಾಯವನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಊರಿನಿಂದ ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ತಟ್ಟೆಯ ಸುತ್ತ ರಂಗೋಲಿಯಂತೆ ಉದುರಿಸಿದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಆ ಮೆಣಸಿನಿಂದ ಜಗಲಿ ಕೆಂಪಾಯಿತೇ ಹೊರತು ಕಳ್ಳರು ಕದಲಲಿಲ್ಲ. ಅಂಗಾಲು ನೆಕ್ಕಿ ಸೀನಿದ್ದು ನಮ್ಮ ಬೆಕ್ಕು. ಮರುದಿನದ ಮಳೆಗೆ ಎಲ್ಲವೂ ತೊಳೆದುಹೋಯಿತು. ಹಿಡಿದು ದೂರ ಬಿಟ್ಟುಬರೋಣವೆಂದರೆ, ಒಂಟಾರಿಯೊ ಪ್ರಾಂತ್ಯದ ಕಾನೂನಿನ ಪ್ರಕಾರ ಹಿಡಿದ ಪ್ರಾಣಿಯನ್ನು 1 ಕಿಲೋಮೀಟರಿನೊಳಗೇ ಬಿಡಬೇಕು. ಅಷ್ಟು ದೂರದಿಂದ ಊಟದ ಹೊತ್ತಿಗೆ ಮರಳುವುದು ಅದಕ್ಕೆ ಕಷ್ಟವೇನಲ್ಲ.

ಕೊನೆಗೆ ನನ್ನನ್ನು ದಾರಿಗೆ ತಂದದ್ದು ಸ್ಕಂಕ್. ಅದೇ ತಟ್ಟೆಗೆ ಬಂದ ಆ ಪುಟ್ಟ ಪ್ರಾಣಿ ಬೆಕ್ಕಿಗೆ ಹೆದರಿ ಬಾಲವೆತ್ತಿ ಸಿಂಪಡಿಸಿದ ದ್ರವದ ನಾತವನ್ನು ಹೋಲಿಸಿ ಹೇಳಲು ನನಗೆ ಯಾವ ವಸ್ತುವೂ ಸಿಗುತ್ತಿಲ್ಲ. ಆ ನಾತಕ್ಕೆ ಮೂಲ ಗಂಧಕದ ಸಂಯುಕ್ತಗಳು. ಟೊಮೆಟೊ ರಸ ಹಚ್ಚಿದರೆ ನಾತ ಹೋಗುವುದಿಲ್ಲ, ನಮ್ಮ ಮೂಗು ಮೋಸಹೋಗುತ್ತದೆ ಅಷ್ಟೇ.

ಅಂದಿನಿಂದ ತಟ್ಟೆ ರಾತ್ರಿ ಹೊರಗೆ ಉಳಿಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಇಡುತ್ತೇನೆ, 20 ನಿಮಿಷ ಕಾಯುತ್ತೇನೆ, ಉಳಿದದ್ದನ್ನು ನೀರಿನ ಬಟ್ಟಲಿನ ಸಮೇತ ಒಳಗೆ ತರುತ್ತೇನೆ. ಆಹಾರದ ಚೀಲವನ್ನೂ ಗ್ಯಾರೇಜಿನಿಂದ ತಂದು, ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಸುರಿದು ಅಡುಗೆಮನೆಯಲ್ಲಿಟ್ಟಿದ್ದೇನೆ; ಪ್ಲಾಸ್ಟಿಕ್ ಡಬ್ಬಿಯಾದರೆ ರಕೂನ್‌ಗಳು ಹಲ್ಲಿನಿಂದ ಕಡಿದುಬಿಡುತ್ತವೆ. ಸಮಯಕ್ಕೆ ಸರಿಯಾಗಿ ಬಂದರೆ ಮಾತ್ರ ಊಟ ಎಂಬುದನ್ನು ಬೆಕ್ಕು ನಾಲ್ಕೇ ದಿನಗಳಲ್ಲಿ ಕಲಿತುಕೊಂಡಿತು. ರಕೂನ್‌ಗಳು ಸುಮಾರು ಎರಡು ವಾರ ಬಂದು, ತಟ್ಟೆ ಇರುತ್ತಿದ್ದ ಜಾಗವನ್ನು ತಡವಿ ನೋಡಿ ಹೋಗುತ್ತಿದ್ದವು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಮ್ಮ, "ಅದೂ ಒಂದು ಜೀವ ಅಲ್ವೇನೇ? ಒಂದು ತುತ್ತು ತಿಂದ್ರೆ ನಿನಗೇನು ಕಡಿಮೆ ಆಗುತ್ತೆ?" ಎಂದರು. ನಾಯಿಗೊಂದು, ಕಾಗೆಗೊಂದು ಎಂದು ತುತ್ತು ತೆಗೆದಿಡುವ ಮನೆಯಲ್ಲಿ ಬೆಳೆದವಳಿಗೆ ಅದಕ್ಕೆ ಉತ್ತರಿಸುವುದು ಸುಲಭವಲ್ಲ. 2023ರ ಏಪ್ರಿಲ್‌ನಿಂದ ಈ ನಗರದಲ್ಲಿ ವನ್ಯಜೀವಿಗಳಿಗೆ ಆಹಾರ ಹಾಕುವುದು ನಿಷಿದ್ಧ ಎಂದು ಹೇಳಿದೆ. ಅವರಿಗೆ ಅದು ಕಾರಣವೇ ಅನ್ನಿಸಲಿಲ್ಲ. ಒಂದೇ ತಟ್ಟೆಗೆ ಹತ್ತು ಪ್ರಾಣಿಗಳು ಬಾಯಿ ಹಾಕಿದರೆ ಡಿಸ್ಟೆಂಪರ್‌ನಂತಹ ರೋಗ ಒಂದರಿಂದೊಂದಕ್ಕೆ ಹರಡುತ್ತದೆ, ರಕೂನ್ ಹೆದರದೆ ಕಚ್ಚಿದರೆ ರೇಬೀಸಿನ ಭಯವಿದೆ, ಅವುಗಳ ಹಿಂದೆ ತೋಳದಂತಹ ಕಯೋಟಿ ಬಂದರೆ ಅದು ಮೊದಲು ಹಿಡಿಯುವುದು ನಮ್ಮ ಬೆಕ್ಕನ್ನೇ ಎಂದಾಗ, "ಓ, ನಮ್ಮಲ್ಲಿ ನಾಯಿಗಾಗಿ ಚಿರತೆ ಬಂದ ಹಾಗೆ" ಎಂದು ಅವರೇ ಮಾತು ಮುಗಿಸಿದರು.

ರಕೂನ್‌ಗಳು ಚಳಿಗಾಲವಿಡೀ ನಿದ್ರಿಸುವುದಿಲ್ಲವೆಂಬುದು ತಿಳಿದಿದ್ದರೂ, ಕಳೆದ ಫೆಬ್ರುವರಿಯಲ್ಲಿ ಹಿಮ ಕರಗುತ್ತಿದ್ದ ಒಂದು ಬೆಚ್ಚನೆಯ ರಾತ್ರಿ ತಟ್ಟೆಯನ್ನು ಹೊರಗೇ ಮರೆತೆ. ಬೆಳಿಗ್ಗೆ ನೋಡಿದರೆ, ಮೆತ್ತನೆಯ ಹಿಮದ ಮೇಲೆ ಜಗಲಿಯಿಂದ ಹೊಳೆಯ ಕಡೆಗೆ ಎಳೆಮಗುವಿನ ಅಂಗೈಯಂತಹ ಗುರುತುಗಳು ಸಾಲಾಗಿ ಮೂಡಿದ್ದವು.