ಅಮೆರಿಕದಲ್ಲಿ ನೆಟ್ ಭರ್ಜರಿ ಇರಬೇಕಲ್ವಾ? ಇಲ್ಲ ರೀ

ಅಮೆರಿಕದಲ್ಲಿ ಕೆಲವು ವರ್ಷ ಇದ್ದು ದಾವಣಗೆರೆಗೆ ವಾಪಸ್ ಬಂದವಳು ನಾನು. "ಅಲ್ಲಿ ಮೂಲೆಮೂಲೆಗೂ ನೆಟ್ ಭರ್ಜರಿ ಇರಬೇಕಲ್ವಾ?" ಎಂಬ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಇಲ್ಲ ರೀ. ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಬೇರೆ ಹೇಳಿದರೆ ನಂಬಲ್ಲ. ಒಂದು ಗೃಹಪ್ರವೇಶದ ಊಟದಲ್ಲಿ, ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕಾದವರು ನಕ್ಕೇಬಿಟ್ಟರು. "ಸುಮ್ನಿರವ್ವ, ನಮ್ಮ ಜಗಳೂರು ಕಡೆ ಹೊಲದಾಗೂ ವಿಡಿಯೋ ಓಡ್ತೈತಿ." ನಾನು ಎಡಗೈಯಲ್ಲಿ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದೆ. 2020ರ ಕೊರೊನಾ ಕಾಲದ್ದು. ಕ್ಯಾಲಿಫೋರ್ನಿಯಾದ ಸಲೀನಾಸ್ ಊರು. ಇಬ್ಬರು ಪುಟ್ಟ ಹುಡುಗಿಯರು ಟಾಕೊ ಬೆಲ್ ಹೋಟೆಲಿನ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಶಾಲೆಯ ಪಾಠಕ್ಕೆ ಹೋಟೆಲಿನ ವೈಫೈ ಬೇಕಿತ್ತು. ಸಿಲಿಕಾನ್ ವ್ಯಾಲಿಯ ಸ್ಯಾನ್ ಹೋಸೆ ಅಲ್ಲಿಂದ ಸುಮಾರು 100 ಕಿ.ಮೀ. ಅಷ್ಟೇ.

"ತಿನ್ನಾಕ ಹೋಗಿರಬೇಕು ಬಿಡು" ಎಂದು ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಫೋಟೋ ಎಲ್ಲೆಡೆ ಹರಿದಾಡಿದ ಮೇಲೆ ಶಾಲೆಯವರು ಆ ಮನೆಗೆ ಹಾಟ್‌ಸ್ಪಾಟ್ ಕೊಟ್ಟರು. ಫೋಟೋ ತೆಗೆಸಿಕೊಳ್ಳದ ಮಕ್ಕಳು ಏನು ಮಾಡಿದರೋ.

ಇಷ್ಟು ದುಡ್ಡಿರುವ ದೇಶಕ್ಕೆ ಇದು ಕಾಣಲಿಲ್ಲವಾ ಅಂತ ಯಾರೂ ಕೇಳಲ್ಲ ನೋಡಿ. ಕೇಳಿದರೆ ಖುಷಿಯಿಂದ ಹೇಳುತ್ತೇನೆ. ಅಲ್ಲಿನ ಸರ್ಕಾರದ ಹಳೇ ಲೆಕ್ಕ ಹೀಗಿತ್ತು: ಜನಗಣತಿಯ ಒಂದು ಬ್ಲಾಕಿನಲ್ಲಿ ಒಂದೇ ಒಂದು ಕಡೆ ಲೈನ್ ಕೊಡಬಹುದು ಎಂದು ಕಂಪನಿ ಬರೆದುಕೊಟ್ಟರೆ, ಇಡೀ ಬ್ಲಾಕಿಗೆ ನೆಟ್ ಇದೆ ಅಂತಲೇ ನಕ್ಷೆಯಲ್ಲಿ ಬಣ್ಣ. ಓಣಿಯ ಒಂದು ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಆದರೆ ಓಣಿಗೆಲ್ಲಾ ತಿಂಡಿ ಆಯ್ತು ಅಂದ ಹಾಗೆ. ಹಳ್ಳಿ ಕಡೆ ಬ್ಲಾಕುಗಳು ಭಾರೀ ದೊಡ್ಡವು. ಒಂದೊಂದು ಜಾಗವನ್ನೂ ಬೇರೆಬೇರೆ ತೋರಿಸುವ ನಕ್ಷೆ ಬಂದದ್ದು 2022ರಲ್ಲಿ.

ಇನ್ನು ಬಾಗಿಲ ಮುಂದೆಯೇ ಕೇಬಲ್ ಹೋಗಿದ್ದರೂ ಬಿಲ್ ಕಟ್ಟಲಾಗದವರು ಬೇರೆ. ಅಂಥವರಿಗೆ ತಿಂಗಳಿಗೆ 30 ಡಾಲರ್, ಮೂಲನಿವಾಸಿಗಳ ಪ್ರದೇಶದಲ್ಲಿ 75 ಡಾಲರ್ ತನಕ ಬಿಲ್ಲಿನಲ್ಲಿ ಕಡಿತ ಸಿಗುತ್ತಿತ್ತು. 2 ಕೋಟಿ 30 ಲಕ್ಷ ಮನೆಗಳು ಸೇರಿದ್ದವು. ಸಂಸತ್ತು ಮತ್ತೆ ಹಣ ಹಾಕಲಿಲ್ಲ, 2024ರ ಜೂನ್‌ಗೆ ಯೋಜನೆ ನಿಂತೇಹೋಯಿತು. ಹೊಸ ಲೈನ್ ಎಳೆಯೋಕೆ 42 ಬಿಲಿಯನ್ ಡಾಲರಿಗಿಂತ ಜಾಸ್ತಿ ತೆಗೆದಿಟ್ಟದ್ದು ಕೂಡ ಅದೇ ಸಂಸತ್ತು. ಎಳೆದ ಮೇಲೆ ತಿಂಗಳ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿ, ಆಗ ಮಾತಾಡೋಣ.