ವಜ್ರದ ಬಣ್ಣ ನೋಡೋದು ಬೋರಲು ಹಾಕಿ

ಅಕ್ಕನ ಮಗಳ ಮದುವೆಗೆ ವಜ್ರದ ಓಲೆ ನೋಡೋಣ ಅಂತ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆವು. ಅಂಗಡಿಯ ದೀಪದ ಕೆಳಗೆ ಎಲ್ಲ ಹರಳೂ ಒಂದೇ ಥರ ಫಳಫಳ ಅನ್ನುತ್ತವೆ. ಬಣ್ಣ ತಿಳಿಯೋದು ಹಾಗಲ್ಲ. ಅಂಗಡಿಯವರು ಎರಡು ಬಿಡಿ ಹರಳು ತಂದು, ಬಿಳಿ ಕಾಗದದ ಮಡಿಕೆಯಲ್ಲಿ ಬೋರಲು ಇಟ್ಟರು. ಬಾಗಿಲ ಹತ್ತಿರ, ಮಳೆಮೋಡದ ಬೆಳಕಲ್ಲಿ, ಪಕ್ಕದಿಂದ ನೋಡಿ ಅಂದರು. ಒಂದು ತಿಳಿನೀರಿನ ಹಾಗಿತ್ತು. ಇನ್ನೊಂದರಲ್ಲಿ ತೆಳು ಹಳದಿ. ಮುಖ ಮೇಲೆ ಮಾಡಿದರೆ ಆ ಹಳದಿ ಕಣ್ಣಿಗೇ ಬೀಳಲಿಲ್ಲ!

ಆ ಹಳದಿಗೆ ಹೆಚ್ಚಾಗಿ ಕಾರಣ ಹರಳಿನೊಳಗೆ ಸೇರಿಕೊಂಡ ಸಾರಜನಕವಂತೆ. ಸರ್ಟಿಫಿಕೇಟಿನಲ್ಲಿ ಬಣ್ಣಕ್ಕೆ ಡಿಯಿಂದ ಝಡ್‌ವರೆಗೆ ಅಕ್ಷರ ಕೊಡುತ್ತಾರೆ. ಡಿ, ಇ, ಎಫ್ ಅಂದರೆ ಬಣ್ಣವೇ ಇಲ್ಲ. ಜಿಯಿಂದ ಜೆ ತನಕ ಇದ್ದೂ ಇಲ್ಲದಷ್ಟು. ಆಮೇಲೆ ಹಳದಿ ಜಾಸ್ತಿ ಆಗುತ್ತಾ ಹೋಗುತ್ತದೆ.

ನಮ್ಮ ಕಡೆ ಓಲೆ ಮಾಡಿಸೋದು ಹೆಚ್ಚಾಗಿ ಹಳದಿ ಚಿನ್ನದಲ್ಲೇ ಅಲ್ವಾ? ಚಿನ್ನದ ಬಣ್ಣ ಹರಳಿಗೂ ಹೊಡೆಯುತ್ತದೆ. ಅದರಲ್ಲಿ ಡಿ ಹರಳು ಕೂರಿಸೋದು ಸುಮ್ನೆ ದುಡ್ಡು ದಂಡ ಅಂತಲೇ ನನಗನಿಸುತ್ತದೆ. ಐ, ಜೆ ಧಾರಾಳ ಸಾಕು. ಪ್ಲಾಟಿನಂ, ಬಿಳಿ ಚಿನ್ನ ಆದರೆ ಮಾತು ಬೇರೆ. ಉಳಿದ ಹಣವನ್ನು ಒಳ್ಳೆ ಕಟ್, ಅಂದರೆ ಮುಖಗಳನ್ನು ಚೆನ್ನಾಗಿ ಕೊರೆದು ತೀಡಿರುವ ಹರಳಿಗೆ ಹಾಕಿ, ಹೊಳಪು ಬರೋದು ಅದರಿಂದ.

ಓಲೆ ಆದರೆ ಇನ್ನೊಂದು ವಿಷಯ. ಎರಡೂ ಕಿವಿಯ ಹರಳು ಅಕ್ಕಪಕ್ಕ ಇಟ್ಟು ನೋಡಿ, ಬಣ್ಣ ಹೊಂದುತ್ತಾ ಅಂತ.